ಡಿಶ್ಶಿನ ಡಿಗ್ರಿಯೂ ನಮ್ಮ ಡಿಗ್ರಿಯೂ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ರನ್ನ ಬೆಳಗಲಿ)

ಊರೆಂದ ಮೇಲೆ ಗುಡಿಯೊಂದು ಇರಬೇಕು, ಮನೆಯೆಂದ ಮೇಲೆ ಒಲೆಯೊಂದು ಇರಬೇಕು ಎಂದು ಹಿರಿಯರು ಹೇಳುತ್ತಿದ್ದರು. ಈಗ ಮಾಳಿಗೆಯ ಮೇಲೊಂದು ಡಿಶ್ ಇರಬೇಕೆಂಬುದನ್ನೂ ಇದಕ್ಕೆ ಸೇರಿಸಬಹುದು. ನಮ್ಮ ರನ್ನ ಬೆಳಗಲಿಯಲ್ಲಿ ಎತ್ತರದ ಮಾಳಿಗೆಯೊಂದನ್ನು ಹತ್ತಿ ನಿಂತರೆ, ಸುತ್ತಲಿನ ಕಬ್ಬಿನ ಹೊಲಗಳ ಹಸುರಿಗಿಂತ ಮೊದಲು ಕಣ್ಣಿಗೆ ಬೀಳುವುವು ಈ ಬಿಳಿಯ ಮತ್ತು ಬೂದಿಬಣ್ಣದ ಬುಟ್ಟಿಗಳೇ. ಎಳೆಯ ಸೂರ್ಯಕಾಂತಿಯ ಹೂವು ಹೊತ್ತಿನೊಡನೆ ತಿರುಗುತ್ತದೆ, ಇವು ತಿರುಗುವುದಿಲ್ಲ. ಹಗಲಿರುಳೂ, ಬಿಸಿಲು ಮಳೆಯೆನ್ನದೆ, ಆಗ್ನೇಯದ ಕಡೆಯ ಬರಿದಾದ ಆಕಾಶವನ್ನು ನೋಡುತ್ತ ನಿಂತಿರುತ್ತವೆ. ಅಲ್ಲೇನಿದೆ? ಇವು ಆ ಕಡೆಗೇ ಏಕೆ ನೋಡಬೇಕು? ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ದಿನಕ್ಕೆ ಮೂರು ನಾಲ್ಕು ಗಂಟೆ ಅದರ ಫಲವನ್ನು ಉಣ್ಣುವ ನಾವು ಅದರ ಬೇರನ್ನು ಅರಿಯುವ ಗೊಡವೆಗೆ ಹೋಗಿಲ್ಲ.

ಮನೆಯ ಮೇಲಿನ ಡಿಶ್ಶನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ನಿಲ್ಲಿಸುವ ವಿದ್ಯೆಯನ್ನು ಮನೆಯವರೇ ಕಲಿಯಬೇಕು, ಹೆಣ್ಣುಮಕ್ಕಳೂ ಕಲಿಯಬೇಕು, ಮತ್ತು ಅದನ್ನು ಊರಿಗೆ ಕಲಿಸುವ ಹೊಣೆ ನಮ್ಮಂತಹ ಕಲಾ ವಿಭಾಗದ ವಿದ್ಯಾರ್ಥಿಗಳ ಮೇಲೂ ಇದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿ ಸಹಪಾಠಿಗಳು ನಗಬಹುದು. "ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾವ್ಯವಿಚಾರ ಬರೆಯುವುದನ್ನು ಬಿಟ್ಟು ಮೆಕ್ಯಾನಿಕ್ಕನ ಕೆಲಸದ ಮಾತೇಕೆ?" ಎನ್ನಬಹುದು. ನಗುವವರು ಈ ನಾಲ್ಕು ಪುಟ ಓದಿದ ಮೇಲೆ ನಗಲಿ ಎಂದಷ್ಟೇ ನನ್ನ ಬಿನ್ನಹ.

ಡಿಶ್ಶನ್ನು ಬರಿಯ ಮನರಂಜನೆಯ ಸಾಧನವೆಂದು ತಿಳಿದವರಿಗೆ 2020ನೆಯ ಇಸವಿಯನ್ನು ನೆನಪಿಸಬೇಕಾಗಿದೆ. ಆ ವರ್ಷದ ಮಾರ್ಚಿನ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತಷ್ಟೆ. ಶಾಲೆಗಳೂ ಮುಚ್ಚಿದವು. ನಾನು ಆಗ ಹತ್ತನೆಯ ತರಗತಿಗೆ ಕಾಲಿಟ್ಟವಳು. ಪಟ್ಟಣದ ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಿದರು. ನಮ್ಮಂತಹ ಮನೆಗಳಲ್ಲಿ ಇದ್ದುದು ಒಂದೇ ಮೊಬೈಲು. ಅದು ಹೊತ್ತು ಮೂಡುವುದರೊಳಗೆ ಅಪ್ಪನ ಕಿಸೆಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಉಳಿದ ಹೊತ್ತಿನಲ್ಲಿ ಅದರ ಮೇಲೆ ಮೊದಲ ಹಕ್ಕು ಅಣ್ಣ ತಮ್ಮಂದಿರದು. ಇಂತಹ ಮಕ್ಕಳನ್ನು ಗಮನದಲ್ಲಿಟ್ಟು ನಮ್ಮ ರಾಜ್ಯದ ಶಿಕ್ಷಣ ಇಲಾಖೆಯು ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಮಾಲೆಯನ್ನು ಬಿತ್ತರಿಸಿತು. ಟಿ.ವಿ. ಮಾತ್ರ ಇದ್ದ ಮನೆಯ ಹುಡುಗಿಗೆ ಅದೇ ಶಾಲೆ, ಅದೇ ಗುರು.

ಅದೇ ಮಳೆಗಾಲದ ಒಂದು ಗಾಳಿಗೆ ನಮ್ಮ ಮನೆಯ ಡಿಶ್ ಸರಿಯಿತು. ಪರದೆಯ ಮೇಲೆ ಸಿಗ್ನಲ್ ಇಲ್ಲವೆಂಬ ಒಂದೇ ಸಾಲು. ಕಂಪನಿಯವರಿಗೆ ಫೋನು ಮಾಡಿದರೆ ಎರಡು ದಿನಗಳಲ್ಲಿ ಜನ ಬರುತ್ತಾರೆಂಬ ಉತ್ತರ ಬಂದಿತು. ಹದಿನೈದು ದಿನ ಕಳೆದರೂ ಯಾರೂ ಬರಲಿಲ್ಲ. ಬರಬೇಕಾದವರಿಗೂ ಆ ದಿನಗಳಲ್ಲಿ ಅಡಚಣೆಗಳು ಇದ್ದಿರಬೇಕು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಕೊನೆಗೆ ನಮ್ಮ ಓಣಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಕಾಕಾ ಒಬ್ಬರು ಒಂದು ಪಾನಾ ಹಿಡಿದುಕೊಂಡು ಮಾಳಿಗೆ ಹತ್ತಿದರು. ಇಪ್ಪತ್ತು ನಿಮಿಷದಲ್ಲಿ ಚಿತ್ರ ಬಂದಿತು. ಒಂದು ಕಪ್ಪು ಚಹಾ ಕುಡಿದು ಹೋದರು. ಆ ಹದಿನೈದು ದಿನಗಳಲ್ಲಿ ಹೋದ ಗಣಿತ ವಿಜ್ಞಾನಗಳ ಪಾಠಗಳು ಮಾತ್ರ ಮರಳಿ ಬರಲಿಲ್ಲ. ನಮ್ಮ ಮನೆಯಲ್ಲಿ ಆಗ ಕರೆಂಟು ಇತ್ತು, ಟಿ.ವಿ. ಇತ್ತು, ತಿಂಗಳ ಹಣವನ್ನೂ ಕಟ್ಟಿದ್ದೆವು. ಇಲ್ಲದಿದ್ದುದು ಬುಟ್ಟಿಯನ್ನು ನಾಲ್ಕು ಬೆರಳು ತಿರುಗಿಸುವ ತಿಳಿವಳಿಕೆ ಒಂದೇ. ನಮ್ಮ ಓಣಿಯೊಂದರಲ್ಲಿಯೇ ಹೀಗಾದ ಮನೆಗಳು ಮೂರು ನಾಲ್ಕು. ನಾಡಿನಲ್ಲಿ ಎಷ್ಟಿದ್ದವೋ ಬಲ್ಲವರಾರು?

ಆ ಮೇಲೆ ನಾನು ಪಿ.ಯು. ಮುಗಿಸಿ ಈ ಕಾಲೇಜಿಗೆ ಬಂದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಮತ್ತೊಂದು ಸಲ ಡಿಶ್ ಕೈಕೊಟ್ಟಾಗ ನಮ್ಮ ಆಯಿ ಒಂದು ಮಾತು ಆಡಿದಳು: "ಡಿಗ್ರಿ ಓದಾಕತ್ತೀಯಲ್ಲ ಯವ್ವಾ, ಆ ಬುಟ್ಟಿ ಮಾರಿ ಎತ್ತಾಗ ತಿರುವಬೇಕಂತ ನಿಮ್ಮ ಕಾಲೇಜಿನ್ಯಾಗ ಹೇಳಿಕೊಟ್ಟಿಲ್ಲೇನು?" ಆಯಿಗೆ ಅಕ್ಷರ ಬಾರದು. ಆದರೆ ಆಕೆಯ ಪ್ರಶ್ನೆ ಯಾವ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಪ್ರಶ್ನೆಗೂ ಕಡಮೆಯದಲ್ಲ. ನಾವು ಪಡೆಯುವ ಪದವಿಯನ್ನು ಡಿಗ್ರಿ ಎನ್ನುತ್ತೇವೆ. ಕೋನದ ಅಳತೆಯನ್ನೂ ಡಿಗ್ರಿ ಎನ್ನುತ್ತೇವೆ. ಮೊದಲನೆಯದಕ್ಕಾಗಿ ಮೂರು ವರ್ಷ ಬೆವರು ಸುರಿಸುವ ನಾವು ಎರಡನೆಯದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅಕ್ಷಾಂಶ ರೇಖಾಂಶಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಅವು ನಮ್ಮ ತಲೆಯ ಮೇಲೆಯೇ, ಮಾಳಿಗೆಯ ಮೇಲೆ, ಕೆಲಸ ಮಾಡುತ್ತಿರುವುದನ್ನು ಕಾಣುವುದಿಲ್ಲ.

ಈ ಡಿಶ್ಶಿನ ಕಥೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಇಂದಿನ ಬಾಗಲಕೋಟೆ ಜಿಲ್ಲೆ 1997ರವರೆಗೆ ವಿಜಾಪುರ ಜಿಲ್ಲೆಯ ಭಾಗವಾಗಿದ್ದಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಭಾರತದ ಬಾಹ್ಯಾಕಾಶ ಸಂಸ್ಥೆಯೂ ಅಮೆರಿಕದ ನಾಸಾ ಸಂಸ್ಥೆಯೂ ಕೂಡಿ 'ಸೈಟ್' ಎಂಬ ಹೆಸರಿನ ಒಂದು ದೊಡ್ಡ ಪ್ರಯೋಗವನ್ನು ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಕಾರ್ಯಕ್ರಮಗಳನ್ನು ಮುಟ್ಟಿಸುವುದೇ ಆ ಪ್ರಯೋಗ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದುದು ವಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಹಿರಿಯರಿಗೆ, ಹೀಗೆ ದಿನಕ್ಕೆ ಸುಮಾರು 4 ಗಂಟೆಗಳ ಕಾರ್ಯಕ್ರಮ ಇರುತ್ತಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರಲ್ಲಿ. ಅಂದರೆ ರಾಜಧಾನಿಗೆ ಅದರ ಕೇಂದ್ರ ದೊರೆಯುವ ಮೊದಲೇ ನಮ್ಮ ಹಳೆಯ ಜಿಲ್ಲೆಯ ರೈತನು ತನ್ನ ಹಳ್ಳಿಯಲ್ಲಿ ಕುಳಿತು, ಆಕಾಶದಿಂದ ಇಳಿದು ಬಂದ ಚಿತ್ರವನ್ನು ನೋಡಿದ್ದನು. ಇದು ನಮಗೆ ಹೆಮ್ಮೆಯ ಸಂಗತಿ. ಆದರೆ ನಮ್ಮಲ್ಲಿ ಅನೇಕರಿಗೆ ಇದು ತಿಳಿಯದು.

ಆ ಕಾಲದ ಡಿಶ್‌ಗಳು ಇಂದಿನಂತಹ ಚಿಕ್ಕ ಬುಟ್ಟಿಗಳಾಗಿರಲಿಲ್ಲ. ಕೋಳಿಗೂಡಿಗೆ ಬಳಸುವಂತಹ ತಂತಿಯ ಬಲೆಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ದೊಡ್ಡ ಛತ್ರಿಗಳು ಅವು. ಇನ್ನೊಂದು ವ್ಯತ್ಯಾಸವೂ ಇದ್ದಿತು. ಆ ಅಮೆರಿಕನ್ ಉಪಗ್ರಹ ಎ.ಟಿ.ಎಸ್.-6 ನಿಂತಿದ್ದುದು ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ, ಆಫ್ರಿಕದ ಮೇಲೆ. ಆದುದರಿಂದ ಅಂದಿನ ಛತ್ರಿಗಳು ಪಡುವಣ ದಿಕ್ಕಿಗೆ ಮುಖಮಾಡಿದ್ದವು. ವರ್ಷ ತುಂಬಿದೊಡನೆ ಕರಾರಿನಂತೆ ಉಪಗ್ರಹವು ನಮ್ಮ ಪಾಲಿಗೆ ಇಲ್ಲವಾಯಿತು. ಇಂದಿನ ಡಿಶ್‌ಗಳು ಮೂಡಣಕ್ಕೆ ವಾಲಿ ಆಗ್ನೇಯವನ್ನು ನೋಡುತ್ತವೆ. ದೂರದರ್ಶನದ ಫ್ರೀ ಡಿಶ್ ಬರುವುದು ನಮ್ಮದೇ ಆದ ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಅದನ್ನು ಹಾರಿಸಲಾಯಿತು. ಇಂತಹ ಉಪಗ್ರಹಗಳು ತಮ್ಮ ಸ್ಥಾನದಿಂದ ಸರಿಯದಂತೆ ಕಾಯುವ ಮುಖ್ಯ ನಿಯಂತ್ರಣ ಕೇಂದ್ರ ಎಲ್ಲಿದೆ ಬಲ್ಲಿರಾ? ನಮ್ಮ ಹಾಸನದಲ್ಲಿ! ಆಕಾಶದಲ್ಲಿನ ಉಪಗ್ರಹವನ್ನು ಹಾಸನದಲ್ಲಿ ಕುಳಿತವರು ನೆಟ್ಟಗೆ ನಿಲ್ಲಿಸಬಲ್ಲರು. ನಮ್ಮ ಮನೆಯ ಮೇಲಿನ ಬುಟ್ಟಿಯನ್ನು ನೆಟ್ಟಗೆ ನಿಲ್ಲಿಸಲು ನಮಗೆ ಬಾರದೆಂದರೆ ಹೇಗೆ?

ಇನ್ನು ಮೂಲದ ಪ್ರಶ್ನೆಗೆ ಬರೋಣ. ಆ ಉಪಗ್ರಹ ನಿಂತಲ್ಲಿಯೇ ನಿಂತಿರುವುದೆಂತು? ವಾಸ್ತವವಾಗಿ ಅದು ನಿಂತಿಲ್ಲ, ಸುತ್ತುತ್ತಿದೆ. ಕಣದಲ್ಲಿ ಹಂತಿ ಹೊಡೆಯುವುದನ್ನು ಕಂಡವರಿಗೆ ಇದು ಬೇಗನೆ ತಿಳಿಯುತ್ತದೆ. ಮೇಟಿಯ ಬಳಿಯ ಎತ್ತು ಮೆಲ್ಲನೆ ಹೆಜ್ಜೆಯಿಡುತ್ತದೆ. ಕಡೆಯ ಎತ್ತು ಬಿರುಸಿನಿಂದ ನಡೆಯುತ್ತದೆ. ಆದರೂ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಒಳಗಿನ ಎತ್ತಿನ ಕಣ್ಣಿಗೆ ಹೊರಗಿನ ಎತ್ತು ಸದಾ ತನ್ನ ಮಗ್ಗುಲಲ್ಲಿಯೇ ಇದ್ದಂತೆ ತೋರುತ್ತದೆ. ಭೂಮಿ ತನ್ನ ಸುತ್ತ ಒಮ್ಮೆ ತಿರುಗಲು ಹಿಡಿಯುವ ಕಾಲ 23 ಗಂಟೆ 56 ನಿಮಿಷ. ಭೂಮಧ್ಯರೇಖೆಯ ನೇರ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಸುತ್ತುವ ಉಪಗ್ರಹಕ್ಕೂ ಒಂದು ಸುತ್ತಿಗೆ ಅಷ್ಟೇ ಕಾಲ ಬೇಕು. ಆದುದರಿಂದ ಅದು ನಮಗೆ ನಿಂತಂತೆ ಕಾಣುತ್ತದೆ. ಇಂತಹ ಮೂರು ಉಪಗ್ರಹಗಳಿದ್ದರೆ ಬಹುಮಟ್ಟಿಗೆ ಲೋಕವೆಲ್ಲಕ್ಕೂ ಸುದ್ದಿ ಮುಟ್ಟಿಸಬಹುದೆಂದು ಆರ್ಥರ್ ಸಿ. ಕ್ಲಾರ್ಕ್ ಎಂಬ ಆಂಗ್ಲ ಲೇಖಕನು 1945ರಲ್ಲಿಯೇ ಬರೆದಿದ್ದನು. ಆಗ ಒಂದು ಉಪಗ್ರಹವೂ ಮೇಲಕ್ಕೆ ಹೋಗಿರಲಿಲ್ಲ!

ಉಪಗ್ರಹ ಭೂಮಧ್ಯರೇಖೆಯ ಮೇಲಿದೆ. ನಾವಿರುವುದು ಅದರ ಉತ್ತರಕ್ಕೆ, ಸುಮಾರು 16.4 ಡಿಗ್ರಿ ಅಕ್ಷಾಂಶದಲ್ಲಿ. ಆದ್ದರಿಂದ ಡಿಶ್ ದಕ್ಷಿಣದ ಕಡೆ ನೋಡಲೇಬೇಕು. ನಮ್ಮ ರೇಖಾಂಶ 75 ಡಿಗ್ರಿಗೆ ತುಸು ಹೆಚ್ಚು; ಫ್ರೀ ಡಿಶ್ಶಿನ ಉಪಗ್ರಹದ್ದು 93.5 ಡಿಗ್ರಿ. ಅದು ನಮಗಿಂತ ಮೂಡಣಕ್ಕೆ ಇರುವುದರಿಂದ ಡಿಶ್ ಮೂಡಣಕ್ಕೂ ಹೊರಳಬೇಕು. ದಕ್ಷಿಣವೂ ಮೂಡಣವೂ ಕೂಡಿದರೆ ಆಗ್ನೇಯ. ಲೆಕ್ಕ ಹಾಕಿದರೆ, ನೇರ ದಕ್ಷಿಣದಿಂದ ಮೂಡಣದ ಕಡೆಗೆ ಸುಮಾರು 50 ಡಿಗ್ರಿ ಹೊರಳಿ, ನೆಲಮಟ್ಟದಿಂದ ಸುಮಾರು 61 ಡಿಗ್ರಿ ಮೇಲಕ್ಕೆ ನೋಡಿದರೆ ಅಲ್ಲಿ ಉಪಗ್ರಹವಿದೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಈ ಎಲ್ಲ ಊರುಗಳಿಗೂ ಹೆಚ್ಚು ಕಡಮೆ ಇದೇ ಲೆಕ್ಕ. ಹತ್ತನೆಯ ತರಗತಿಯ ತ್ರಿಕೋನಮಿತಿಯೂ ಭೂಗೋಲವೂ ಕೈಗೂಡಿದರೆ ಈ ಸಂಖ್ಯೆಗಳು ದೊರೆಯುತ್ತವೆ.

ಆದರೆ ಎಲ್ಲ ಕಂಪನಿಗಳ ಉಪಗ್ರಹಗಳೂ ಒಂದೇ ಕಡೆಗಿಲ್ಲ. ಉದಾಹರಣೆಗೆ ಟಾಟಾ ಪ್ಲೇ ಬಳಸುವ ಉಪಗ್ರಹ 83 ಡಿಗ್ರಿಯಲ್ಲಿದೆ. ಅದಕ್ಕೆ ದಕ್ಷಿಣದಿಂದ ಮೂಡಣಕ್ಕೆ ಸುಮಾರು 26 ಡಿಗ್ರಿ ಹೊರಳಿದರೆ ಸಾಕು. ಮೇಲಕ್ಕೆ ಮಾತ್ರ ಸುಮಾರು 69 ಡಿಗ್ರಿ ನೋಡಬೇಕು. ನೆರೆಮನೆಯ ಡಿಶ್ ನೋಡಿ ನಮ್ಮದನ್ನೂ ಹಾಗೆಯೇ ತಿರುಗಿಸುವ ರೂಢಿ ಊರಲ್ಲಿದೆ. ಇಬ್ಬರದೂ ಒಂದೇ ಕಂಪನಿಯಾದರೆ ಇದು ಒಳ್ಳೆಯ ಉಪಾಯವೇ. ಬೇರೆ ಬೇರೆಯಾದರೆ ಸಂಜೆಯವರೆಗೆ ತಿರುಗಿಸಿದರೂ ಚಿತ್ರ ಬಾರದು. ನಕಲು ಮಾಡುವವನಿಗೂ ಮೂಲ ತಿಳಿದಿರಬೇಕೆಂಬುದಕ್ಕೆ ಪರೀಕ್ಷಾ ಕೋಣೆಯ ಹೊರಗೆ ದೊರೆಯುವ ಒಳ್ಳೆಯ ನಿದರ್ಶನ ಇದು!

ದಿಕ್ಕು ಹಿಡಿಯಲು ದಿಕ್ಸೂಚಿಯೇ ಬೇಕೆಂದಿಲ್ಲ. ಬಯಲಿನಲ್ಲಿ ಒಂದು ಕೋಲನ್ನು ನೆಟ್ಟು, ಅದರ ನೆರಳು ಅತ್ಯಂತ ಗಿಡ್ಡವಾಗುವ ಹೊತ್ತನ್ನು ಗುರುತಿಸಿದರೆ ಆ ನೆರಳು ಉತ್ತರ ದಕ್ಷಿಣದ ಗೆರೆಯನ್ನು ತೋರಿಸುತ್ತದೆ. ಗಡಿಯಾರದಲ್ಲಿ ಆಗ ಹನ್ನೆರಡಾಗಿರುವುದಿಲ್ಲ. ಹನ್ನೆರಡೂವರೆಯ ಆಸುಪಾಸು ಆಗಿರುತ್ತದೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುತ್ತದೆ. ಒಂದೊಂದು ಡಿಗ್ರಿಗೆ 4 ನಿಮಿಷದಂತೆ ನಮ್ಮಲ್ಲಿ ಸೂರ್ಯನು ಸುಮಾರು ಅರ್ಧ ಗಂಟೆ ತಡವಾಗಿ ನೆತ್ತಿಯ ಗೆರೆಗೆ ಬರುತ್ತಾನೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯನು ನಮ್ಮ ನೆತ್ತಿಗಿಂತ ಉತ್ತರಕ್ಕಿರುವುದರಿಂದ ಆಗ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಉತ್ತರಕ್ಕೆ ಬೀಳುತ್ತದೆ. ಇದಿಷ್ಟನ್ನು ಮರೆಯಬಾರದು.

ಸೂರ್ಯನು ಇನ್ನೊಂದು ಸಹಾಯವನ್ನೂ ಮಾಡುತ್ತಾನೆ. ವರ್ಷಕ್ಕೆ ಎರಡು ಸಲ, ಮಾರ್ಚಿನ ನಡುವಿನಲ್ಲೊಮ್ಮೆ, ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲ ದಿನಗಳಲ್ಲೊಮ್ಮೆ, ಅವನು ನಮ್ಮ ಕಣ್ಣಿಗೆ ಸರಿಯಾಗಿ ಫ್ರೀ ಡಿಶ್ಶಿನ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ನಮ್ಮಲ್ಲಿ ಅದು ಬೆಳಿಗ್ಗೆ 11 ಗಂಟೆಯ ಸುಮಾರಿಗೆ. ಸೂರ್ಯನ ಶಾಖದೊಡನೆ ಬರುವ ರೇಡಿಯೋ ಗದ್ದಲವು ಉಪಗ್ರಹದ ಮೆಲುದನಿಯನ್ನು ನುಂಗಿಬಿಡುವುದರಿಂದ ಆಗ ಕೆಲವು ನಿಮಿಷ ಚಿತ್ರ ಒಡೆಯುವುದುಂಟು. ಅದನ್ನು ಕಂಡು ಡಿಶ್ ಕೆಟ್ಟಿತೆಂದು ಬೋಲ್ಟು ಸಡಿಲಿಸಲು ಹೋಗಬಾರದು. ಸುಮ್ಮನಿದ್ದರೆ ತಾನೇ ಸರಿಹೋಗುತ್ತದೆ. ಆದರೆ ಆ ದಿನಗಳಲ್ಲಿ ಆ ಹೊತ್ತಿಗೆ ಸೂರ್ಯನಿರುವ ಕಡೆಯೇ ಉಪಗ್ರಹವೂ ಇದೆಯೆಂದು ತಿಳಿದು, ಅಡ್ಡವಾಗಿ ಬರುವ ಬೇವಿನ ಟೊಂಗೆಯನ್ನೋ ನೆರೆಮನೆಯ ಗೋಡೆಯನ್ನೋ ಗುರುತಿಸಿಕೊಳ್ಳಬಹುದು. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಬಾರದು; ಡಿಶ್ಶಿನ ಮೇಲೆ ನೆರಳು ಬೀಳುತ್ತಿದೆಯೇ ಎಂದು ನೋಡಿದರೆ ಸಾಕು.

ಈಗ ಕೈಕೆಲಸದ ಮಾತು. ಮೊದಲನೆಯದಾಗಿ, ಡಿಶ್ ಕೂಡ್ರಿಸುವ ಕಂಬ ನೆಟ್ಟಗಿರಬೇಕು. ಗೌಂಡಿಯ ತೂಗುಗುಂಡನ್ನು ಇಳಿಬಿಟ್ಟು ಎರಡು ಮಗ್ಗುಲಿನಿಂದ ನೋಡಬೇಕು. ಕಂಬ ವಾಲಿದ್ದರೆ ಉಳಿದ ಲೆಕ್ಕವೆಲ್ಲ ವಾಲಿದಂತೆಯೇ. ಎರಡನೆಯದಾಗಿ, ಡಿಶ್ಶಿನ ಬೆನ್ನಿಗೆ ಅಂಕಿಗಳನ್ನು ಕೊರೆದ ಪಟ್ಟಿಯಿದ್ದರೆ ಅದನ್ನು 61ಕ್ಕೆ ಹೊಂದಿಸಬೇಕು. ಆಗ ಬುಟ್ಟಿ ಅಷ್ಟು ಮೇಲಕ್ಕೆ ನೋಡಿದಂತೆ ಕಾಣುವುದಿಲ್ಲ. ಇನ್ನೂ ಕೆಳಗೆ ನೋಡುವಂತೆ ತೋರುತ್ತದೆ. ಇದೇ ಅನೇಕರನ್ನು ಮೋಸಗೊಳಿಸುವ ಸ್ಥಳ. ನಮ್ಮ ಕಾಕಾ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಬುಟ್ಟಿ ಮಾರಿ ನೋಡಬ್ಯಾಡವ್ವಾ ತಂಗಿ. ಅದು ನೋಡೂದು ಒಂದ ಕಡೆ, ತೋರೂದು ಒಂದ ಕಡೆ." ಚಿಕ್ಕ ಡಿಶ್‌ಗಳನ್ನು ದೊಡ್ಡ ಬಟ್ಟಲಿನ ಒಂದು ಮಗ್ಗುಲಿನಿಂದ ಕತ್ತರಿಸಿ ತೆಗೆದಂತಹ ಆಕಾರದಲ್ಲಿ ಮಾಡಿರುತ್ತಾರೆ. ಆದುದರಿಂದ ಮೇಲಿನಿಂದ ಬಂದ ಅಲೆಗಳು ಅದಕ್ಕೆ ಬಡಿದು ಕೆಳಗಿನಿಂದ ಚಾಚಿದ ತೋಳಿನ ತುದಿಯಲ್ಲಿ ಕೂಡುತ್ತವೆ. ಅವುಗಳಿಗೆ ತಡೆಯಾಗಿ ಏನೂ ನಡುವೆ ನಿಲ್ಲುವುದಿಲ್ಲ. ಮಳೆಯ ನೀರೂ ಬುಟ್ಟಿಯಲ್ಲಿ ನಿಲ್ಲುವುದಿಲ್ಲ.

ಮೂರನೆಯದಾಗಿ, ಡಿಶ್ಶನ್ನು ದಕ್ಷಿಣದಿಂದ ಆಗ್ನೇಯದ ಕಡೆಗೆ ಬಹಳ ಮೆಲ್ಲನೆ ತಿರುಗಿಸಬೇಕು. 60 ಸೆಂಟಿಮೀಟರಿನ ಡಿಶ್ಶಿನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಅದರ ದೃಷ್ಟಿ ಒಂದು ಡಿಗ್ರಿ ಸರಿಯುತ್ತದೆ. ಇಲ್ಲಿಯ ಒಂದು ಡಿಗ್ರಿ ಉಪಗ್ರಹದ ದೂರದಲ್ಲಿ 600 ಕಿಲೋಮೀಟರಿಗೂ ಮಿಗಿಲು. ಎರಡು ಮೂರು ಡಿಗ್ರಿ ತಪ್ಪಿದರೆ ಚಿತ್ರ ಮಾಯ. ಹಿಂದಿನ ಕಾಲದ ಆಂಟೆನಾದಲ್ಲಿ ಚಿತ್ರವು ಚುಕ್ಕಿಚುಕ್ಕಿಯಾಗಿ ಬಂದು ನೀವು ಸಮೀಪದಲ್ಲಿರುವಿರೆಂದು ಸೂಚನೆ ಕೊಡುತ್ತಿತ್ತು. ಈಗಿನ ಡಿಜಿಟಲ್ ಪದ್ಧತಿಯಲ್ಲಿ ಅಂತಹ ದಾಕ್ಷಿಣ್ಯವಿಲ್ಲ; ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಮೇಲಾಗಿ ಬಾಕ್ಸು ಉಪಗ್ರಹವನ್ನು ಗುರುತಿಸಲು ಕೆಲವು ಕ್ಷಣ ಬೇಕು. ಆದ್ದರಿಂದ ಒಂದು ಕೂದಲೆಳೆಯಷ್ಟು ತಿರುಗಿಸಿ, ಐದು ಎಣಿಸುವವರೆಗೆ ಕಾದು, ಮತ್ತೆ ತಿರುಗಿಸಬೇಕು. ಅವಸರದವರಿಗೆ ಈ ವಿದ್ಯೆ ಒಲಿಯದು.

ಕೆಳಗೆ ಟಿ.ವಿ.ಯ ಮುಂದೆ ಒಬ್ಬರು ಕುಳಿತು ಕೂಗಿ ಹೇಳಬೇಕು. ಅವರು ನೋಡಬೇಕಾದುದೇನು? ಪರದೆಯ ಮೇಲೆ ಸ್ಟ್ರೆಂತ್, ಕ್ವಾಲಿಟಿ ಎಂಬ ಎರಡು ಪಟ್ಟಿಗಳು ಇರುತ್ತವೆ. ಸ್ಟ್ರೆಂತ್ ಎಂಬುದು ಡಿಶ್ ಎತ್ತ ನೋಡಿದರೂ ಸ್ವಲ್ಪ ಏರಿಯೇ ಇರಬಹುದು. ಸಂತೆಯ ಗದ್ದಲ ದೂರದಿಂದ ಕೇಳಿಸಿದಂತೆ ಅದು. ಕ್ವಾಲಿಟಿ ಏರುವುದು ಬೇಕಾದ ಉಪಗ್ರಹವೇ ಸಿಕ್ಕಾಗ. ಆ ಗದ್ದಲದಲ್ಲಿ ನಮ್ಮ ಹೆಸರು ಹಿಡಿದು ಕರೆದುದು ಕೇಳಿಸಿದಂತೆ ಅದು. ಮೊದಲನೆಯದನ್ನು ನಂಬಿ ಬೋಲ್ಟು ಬಿಗಿದವರು ಮತ್ತೆ ಮಾಳಿಗೆ ಹತ್ತಲೇಬೇಕಾಗುತ್ತದೆ. ಕ್ವಾಲಿಟಿ ಕಂಡ ಮೇಲೆ ಎಡಬಲಕ್ಕೂ ಮೇಲೆ ಕೆಳಗೂ ಎಳ್ಳಷ್ಟು ಸರಿಸಿ ನೋಡಿ, ಎಲ್ಲಕ್ಕಿಂತ ಹೆಚ್ಚಿದ ಕಡೆ ನಿಲ್ಲಿಸಬೇಕು. ತೋಳಿನ ತುದಿಯ ಎಲ್.ಎನ್.ಬಿ. ಎಂಬ ಗುಂಡನ್ನೂ ಅದರ ಹಿಡಿಕೆಯಲ್ಲಿ ತುಸು ಅತ್ತಿತ್ತ ತಿರುಗಿಸಿ ನೋಡಬೇಕು. ಉಪಗ್ರಹದಿಂದ ಬರುವ ಸುಮಾರು 11,000 ಮೆಗಾಹರ್ಟ್ಸಿನ ಅಲೆಯನ್ನು ಕೇಬಲ್ಲು ಹೊರಬಲ್ಲಷ್ಟು, ಅಂದರೆ ಒಂದೆರಡು ಸಾವಿರಕ್ಕೆ ಇಳಿಸಿ ಕೊಡುವುದು ಅದರ ಕೆಲಸ. ಕೊನೆಗೆ ಬೋಲ್ಟುಗಳನ್ನು ಒಂದೊಂದಾಗಿ, ಸುತ್ತು ಸುತ್ತಾಗಿ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಸರಿದು ಪಟ್ಟ ಕಷ್ಟವೆಲ್ಲ ವ್ಯರ್ಥವಾಗುತ್ತದೆ.

ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುವೆನು. ಮಳೆ ಗುಡುಗುಗಳಲ್ಲಿ ಮಾಳಿಗೆ ಹತ್ತಬಾರದು. ದಟ್ಟವಾದ ಮಳೆಯ ಹನಿಗಳು ಈ ಅಲೆಗಳನ್ನು ಹೀರುವುದರಿಂದ ಆಗ ಚಿತ್ರ ಹೋಗುವುದು ಸಹಜ. ಮಳೆ ನಿಂತರೆ ತಾನೇ ಬರುತ್ತದೆ. ಸಮೀಪದಲ್ಲಿ ಕರೆಂಟಿನ ತಂತಿ ಹಾದಿದ್ದರೆ ಕೈ ಹಾಕಲೇಬಾರದು. ಕುಂಬಿಯಿಲ್ಲದ ಮಾಳಿಗೆಯ ಅಂಚಿನಲ್ಲಿ ಒಬ್ಬರೇ ನಿಲ್ಲಬಾರದು. ಇಂತಹ ಕಡೆಗಳಲ್ಲಿ ಬಲ್ಲವರನ್ನು ಕರೆಯುವುದೇ ಲೇಸು.

ನನ್ನ ಮಾತಿಗೆ ಮೂರು ಆಕ್ಷೇಪಣೆಗಳು ಬರಬಹುದು. "ಎಲ್ಲರೂ ಕಲಿತರೆ ಮೆಕ್ಯಾನಿಕ್ಕನ ಹೊಟ್ಟೆಯ ಗತಿಯೇನು?" ಎಂಬುದು ಮೊದಲನೆಯದು. ಮನೆಯಲ್ಲಿ ಕಷಾಯ ಮಾಡಲು ಬಂದ ಮಾತ್ರಕ್ಕೆ ವೈದ್ಯನ ಕೆಲಸ ಹೋಗಿಲ್ಲ. ಹೊಸ ಡಿಶ್ ಕೂಡ್ರಿಸುವುದು, ಕೆಟ್ಟ ಬಾಕ್ಸು, ಸುಟ್ಟ ಕೇಬಲ್ಲು, ಇವೆಲ್ಲ ಅವನ ಕೆಲಸಗಳಾಗಿ ಉಳಿದೇ ಇರುತ್ತವೆ. ಬಲ್ಲ ಮನೆಯವರೊಡನೆ ಅವನ ವ್ಯವಹಾರವೂ ನೇರವಾಗಿರುತ್ತದೆ.

"ಎಲ್ಲರ ಕೈಯಲ್ಲೂ ಮೊಬೈಲು ಬಂದಿರುವಾಗ ಡಿಶ್ ಯಾರಿಗೆ ಬೇಕು?" ಎಂಬುದು ಎರಡನೆಯದು. ಇದನ್ನು ಕೇಳುವವರು ಕೈಯಲ್ಲಿ ಮೊಬೈಲು ಇರುವವರೇ. ಹಗಲೆಲ್ಲ ಮನೆಯಲ್ಲಿರುವ ಮುದುಕರಿಗೂ, ರೊಟ್ಟಿ ಬಡಿಯುತ್ತ ಸುದ್ದಿ ಕೇಳುವ ತಾಯಂದಿರಿಗೂ ಟಿ.ವಿ.ಯೇ ಇಂದಿಗೂ ಲೋಕದ ಕಿಟಕಿ. 2004ರ ಡಿಸೆಂಬರಿನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಮೊದಲಾಗಿ ಈಗ ಫ್ರೀ ಡಿಶ್ ಎನಿಸಿಕೊಂಡಿರುವ ದೂರದರ್ಶನದ ಸೇವೆಗೆ ತಿಂಗಳ ಶುಲ್ಕವಿಲ್ಲ. ಒಮ್ಮೆ ಸಾಮಾನು ಕೊಂಡು ಸರಿಯಾಗಿ ನಿಲ್ಲಿಸಿದರೆ ಮುಗಿಯಿತು. ಶಾಲೆಯ ಪಾಠಗಳ ವಾಹಿನಿಗಳೂ ಅದರಲ್ಲಿ ಬರುತ್ತವೆ. ಆ ಸೇವೆಗೆ ಕಂಪನಿಯ ಏಜಂಟನು ಮನೆಗೆ ಬರುವುದಿಲ್ಲ. ತಿಂಗಳ ಲಾಭವಿಲ್ಲದ ಮನೆಗೆ ಯಾರು ಓಡಿ ಬಂದಾರು? ಆದುದರಿಂದ ಬಡವರ ಡಿಶ್ಶಿಗೆ ಮನೆಯವರೇ ಮೆಕ್ಯಾನಿಕ್ ಆಗಬೇಕಾಗುತ್ತದೆ.

ಮೂರನೆಯ ಆಕ್ಷೇಪಣೆ ಬಾಯಿಬಿಟ್ಟು ಆಡದಿದ್ದರೂ ನೋಟದಲ್ಲಿರುತ್ತದೆ: "ಹೆಣ್ಣುಮಕ್ಕಳು ಮಾಳಿಗೆ ಹತ್ತಿ ಪಾನಾ ಹಿಡಿಯುವುದೇ?" ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಒಣಹಾಕಲು, ಮೆಣಸಿನಕಾಯಿ ಹರವಲು ನಾವು ಹತ್ತುವುದಿಲ್ಲವೆ? ಆಗ ಇಲ್ಲದ ನಾಚಿಕೆ ಒಂದು ಬೋಲ್ಟು ತಿರುಗಿಸುವಾಗ ಏಕೆ? ಡಿಶ್ ಕೆಟ್ಟ ದಿನ ಗಂಡಸರು ಕಟ್ಟೆಗೆ ಹೋಗಿ ಸುದ್ದಿ ಕೇಳಿ ಬರುತ್ತಾರೆ. ಮನೆಯೊಳಗೆ ಉಳಿದವರಿಗೆ ಸುದ್ದಿಯೂ ಇಲ್ಲ, ಪಾಠವೂ ಇಲ್ಲ. ಯಾರಿಗೆ ಹೆಚ್ಚು ಬಾಧೆಯೋ ಅವರೇ ಮೊದಲು ಕಲಿಯುವುದು ನ್ಯಾಯ. ಎರಡನೆಯ ಸಲ ನಮ್ಮ ಡಿಶ್ಶನ್ನು ನಿಲ್ಲಿಸಿದವಳು ನಾನು, ಕೆಳಗೆ ಕುಳಿತು ಕ್ವಾಲಿಟಿ ಎಷ್ಟೆಂದು ಕೂಗಿದವಳು ನಮ್ಮ ಅವ್ವ ಎಂಬುದನ್ನು ಇಲ್ಲಿ ಹೇಳಿದರೆ ಅದು ಜಂಬವಾಗಲಾರದೆಂದು ನಂಬಿದ್ದೇನೆ. ಒಂದೂವರೆ ಗಂಟೆ ಹಿಡಿಯಿತು. ಕಾಕಾನ ಇಪ್ಪತ್ತು ನಿಮಿಷಕ್ಕೆ ಇದು ಸಮನಲ್ಲ, ನಿಜ. ಆದರೆ ಹದಿನೈದು ದಿನಕ್ಕಿಂತ ಎಷ್ಟೋ ಮೇಲು.

ನಮ್ಮೂರಿಗೆ ಹೆಸರು ತಂದ ರನ್ನನು ಬಳೆಗಾರರ ಮನೆಯ ಮಗ. ಬಳೆಯ ಮಲಾರ ಹೊತ್ತು ಊರೂರು ತಿರುಗುವ ಮನೆತನದಲ್ಲಿ ಹುಟ್ಟಿದವನು ಗುರುವನ್ನು ಅರಸಿ ಹೋಗಿ ಕಲಿತು, ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ವಿದ್ಯೆ ಯಾವ ಕಸುಬಿನವರ ಸೊತ್ತೂ ಅಲ್ಲವೆಂಬುದಕ್ಕೆ ಸಾವಿರ ವರ್ಷ ಹಿಂದಿನ ಸಾಕ್ಷಿ ನಮ್ಮ ಊರಿನ ಹೆಸರಿನಲ್ಲಿಯೇ ಇದೆ. ಬಳೆಗಾರನ ಮಗ ಕಾವ್ಯ ಬರೆಯಬಹುದಾದರೆ, ಕಾವ್ಯ ಓದುವವರು ಪಾನಾ ಹಿಡಿಯಬಾರದೆಂಬ ನಿಯಮವೆಲ್ಲಿಯದು?

ಕೊನೆಯದಾಗಿ, ಮಾಡಬಹುದಾದ ಎರಡು ಕೆಲಸಗಳನ್ನು ನಮ್ಮ ಗುರುಜನರ ಮುಂದೆಯೂ ಸಹಪಾಠಿಗಳ ಮುಂದೆಯೂ ಇಡುತ್ತೇನೆ. ಪ್ರತಿವರ್ಷ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಒಂದಿಲ್ಲೊಂದು ಹಳ್ಳಿಯಲ್ಲಿ ನಡೆಯುತ್ತದೆ. ಓಣಿ ಗುಡಿಸುತ್ತೇವೆ, ಗಿಡ ನೆಡುತ್ತೇವೆ, ಭಾಷಣ ಕೇಳುತ್ತೇವೆ. ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡೋಣ. ಭೂಗೋಲದ ಅಧ್ಯಾಪಕರು ಕೋಲು ನೆಟ್ಟು ದಿಕ್ಕು ತೋರಿಸಲಿ. ಊರಿನ ಮೆಕ್ಯಾನಿಕ್ಕನನ್ನೇ ಆ ದಿನದ ಗುರುವಾಗಿ ಕರೆದು, ಅವನಿಗೆ ಒಂದು ಹಾರ ಹಾಕಿ, ಕೈಕೆಲಸ ಕಲಿಯೋಣ. ಕೆಟ್ಟ ಡಿಶ್ಶಿರುವ ಎರಡು ಮನೆಗಳಲ್ಲಿ ಚಿತ್ರ ಬರುವಂತೆ ಮಾಡಿ, ಆ ಮನೆಯ ಹುಡುಗ ಹುಡುಗಿಯರ ಕೈಗೆ ಪಾನಾ ಕೊಟ್ಟು ಬರೋಣ.

ಎರಡನೆಯ ಕೆಲಸ ಇನ್ನೂ ಸುಲಭ. ಊರಿನ ಗ್ರಂಥಾಲಯದ ಗೋಡೆಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ, ಆ ಊರಿನ ಅಕ್ಷಾಂಶ, ರೇಖಾಂಶ, ಮತ್ತು ಒಂದೊಂದು ಸೇವೆಯ ಡಿಶ್ ದಕ್ಷಿಣದಿಂದ ಎಷ್ಟು ಹೊರಳಬೇಕು, ಎಷ್ಟು ಮೇಲಕ್ಕೆ ನೋಡಬೇಕು ಎಂಬ ಸಂಖ್ಯೆಗಳನ್ನು ಬರೆಯಿಸೋಣ. ಪಕ್ಕದಲ್ಲಿ ನೆಲದ ಮೇಲೆ ಉತ್ತರ ದಕ್ಷಿಣದ ಒಂದು ಗೆರೆಯನ್ನು ಸುಣ್ಣದಲ್ಲಿ ಎಳೆಯೋಣ. ಇದಕ್ಕೆ ತಗಲುವ ವೆಚ್ಚ ಒಂದು ಡಬ್ಬಿ ಬಣ್ಣ, ಒಂದು ಕುಂಚ, ಅರ್ಧ ದಿನದ ಲೆಕ್ಕ. ಆ ಲೆಕ್ಕವನ್ನು ಮಾಡುವಷ್ಟು ವಿದ್ಯೆಯನ್ನು ನಮ್ಮ ಗುರುಗಳು ನಮಗೆ ಈಗಾಗಲೇ ಕೊಟ್ಟಿದ್ದಾರೆ. ಬರುವ ಜೂನ್ ತಿಂಗಳ ಗಾಳಿ ಬೀಸುವುದರೊಳಗಾಗಿ ನಮ್ಮಲ್ಲಿ ಒಬ್ಬೊಬ್ಬರು ತಮ್ಮ ಊರಿನಲ್ಲಿ ಇಂತಹ ಒಂದೊಂದು ಗೋಡೆಯನ್ನು ಬರೆದು ಮುಗಿಸಿದರೆ, ನಾವು ಪಡೆಯಲಿರುವ ಡಿಗ್ರಿಗೆ ಊರು ತಾನೇ ಬೆಲೆ ಕಟ್ಟುತ್ತದೆ.